ತಿಳಿಯದೆ ಎದ್ದ ಗೋಡೆ, ಬೇಕೆಂದೇ ಎಬ್ಬಿಸಿದ ಗೋಡೆ

ಬೇರೆ ಸಂಸ್ಕೃತಿಯವರೊಡನೆ ಮಾತಾಡುವುದನ್ನು ಪಾಠವಾಗಿ ಕಲಿಸುವ ಪರಿಪಾಠ ಬೆಳೆದದ್ದು ರಾಜತಾಂತ್ರಿಕರ ಅಗತ್ಯದಿಂದ. ಎರಡನೇ ಮಹಾಯುದ್ಧದ ನಂತರ, 1947ರಲ್ಲಿ, ಅಮೆರಿಕ ತನ್ನ ಅಧಿಕಾರಿಗಳಿಗಾಗಿ ವಿದೇಶಾಂಗ ಸೇವಾ ಸಂಸ್ಥೆ ತೆರೆಯಿತು. 1950ರ ದಶಕದ ಮೊದಲರ್ಧದಲ್ಲಿ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅಲ್ಲಿ ಪಾಠ ಮಾಡಿದರು. ಎಷ್ಟು ಹತ್ತಿರ ನಿಂತು ಮಾತಾಡಬೇಕು, ಎಷ್ಟು ಹೊತ್ತು ಕಾಯಿಸಿದರೆ ಅವಮಾನವಾಗುತ್ತದೆ ಎಂಬಂಥವು ಅವರ ಆಸಕ್ತಿಗಳು.

ಈ ದಾರಿಯಲ್ಲಿ ಒಂದು ಊಹೆ ನುಸುಳಿತ್ತು: ಪ್ರತಿ ಜನಾಂಗಕ್ಕೂ ಅದರದೇ ರೀತಿನೀತಿ ಇದೆ, ಅದನ್ನು ಬಾಯಿಪಾಠ ಮಾಡಿಕೊಂಡರೆ ಆಯಿತು. 1980ರಲ್ಲಿ ಡಚ್ ಸಮಾಜ ಮನೋವಿಜ್ಞಾನಿ ಗೀರ್ಟ್ ಹಾಫ್‌ಸ್ಟೆಡ್ ಕಂಪ್ಯೂಟರ್ ಕಂಪನಿ ಐಬಿಎಂನ ನೌಕರರ ಸಮೀಕ್ಷೆಯ ಆಧಾರದ ಮೇಲೆ ದೇಶಗಳ ಸಾಂಸ್ಕೃತಿಕ ಗುಣಗಳಿಗೆ ಅಂಕವನ್ನೇ ಕೊಟ್ಟರು. ತರಬೇತಿ ನಡೆಸುವವರಿಗೆ ಬಲು ಅನುಕೂಲ. ಎದುರಿಗೆ ಕೂತ ಮನುಷ್ಯ ಮಾತ್ರ ಅಂಕಪಟ್ಟಿ ನೋಡಿಕೊಂಡು ನಡೆಯುವುದಿಲ್ಲ.

ಅದಕ್ಕೂ ಮೊದಲೇ, 1969ರಲ್ಲಿ, ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಥ್ ಬೇರೆಯದೇ ಮಾತು ಹೇಳಿದ್ದರು. ಗುಂಪನ್ನು ಗುಂಪಾಗಿ ಉಳಿಸುವುದು ಉಡುಗೆ-ಆಚಾರಗಳಲ್ಲ, ‘ನಾವು–ಅವರು’ ಎಂಬ ಗಡಿ. ಪಠಾಣರು ಬಲೂಚಿ ಬುಡಕಟ್ಟು ಸೇರಿ ಬಲೂಚಿಗಳಾಗುವುದನ್ನು ಅವರು ಗುರುತಿಸಿದ್ದರು. ಜನ ದಾಟಿದರೂ ಗಡಿ ಅಳಿಯಲಿಲ್ಲ.

ಆ ಗಡಿ ಮಾತಿನ ನಡುವೆಯೇ ಏಳುವ ಬಗೆಯನ್ನು ತೋರಿಸಿದವರು ಭಾಷಾವಿಜ್ಞಾನಿ ಜಾನ್ ಗಂಪರ್ಜ್. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಕ್ಯಾಂಟೀನಿಗೆ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಹೊಸದಾಗಿ ಸೇರಿದ್ದರು. ಇವರದು ಸಿಡುಕು ಸ್ವಭಾವ ಎಂದು ದೂರು. ಮಾಂಸದೂಟ ಪಡೆದವರಿಗೆ ಗ್ರೇವಿ ಬೇಕೇ ಎಂದು ಕೇಳಬೇಕು; ಬ್ರಿಟಿಷ್ ಕೆಲಸಗಾರ್ತಿಯರು ‘ಗ್ರೇವಿ?’ ಎಂದು ದನಿ ಏರಿಸಿದರೆ, ಇವರು ದನಿ ಇಳಿಸಿ ‘ಗ್ರೇವಿ’ ಎನ್ನುತ್ತಿದ್ದರು. ಇವರ ರೂಢಿಯಲ್ಲಿ ಅದೂ ಪ್ರಶ್ನೆಯೇ. ಕೇಳಿದವರಿಗೆ ಮಾತ್ರ ‘ಇದು ಗ್ರೇವಿ, ಬೇಕಾದರೆ ತಗೋ’ ಎಂದಂತೆ. ಧ್ವನಿಮುದ್ರಣ ಕೇಳಿಸಿದಾಗಲೂ ಹೆಂಗಸರಿಗೆ ಮೊದಲಿಗೆ ವ್ಯತ್ಯಾಸ ತಿಳಿಯಲಿಲ್ಲ. ತಮಗೆ ತಾರತಮ್ಯವಾಗುತ್ತಿದೆ ಎಂದೇ ಅವರು ಭಾವಿಸಿದ್ದರು. ಒಂದು ದನಿಯ ಇಳಿತ ಇಡೀ ಜನಾಂಗದ ಗುಣವಾಗಿಬಿಟ್ಟಿತ್ತು. ಕಾರಣ ಬಿಡಿಸಿ ಹೇಳಿದ ಮೇಲೆ ಸಂಬಂಧ ಸುಧಾರಿಸಿತು.

ಎಲ್ಲ ಗೋಡೆಗಳೂ ಹೀಗೆ ಕರಗುವುದಿಲ್ಲ. ಸಮಾಜ ಮನೋವಿಜ್ಞಾನಿಗಳಾದ ರಿಚರ್ಡ್ ಬೂರಿ ಮತ್ತು ಹವರ್ಡ್ ಗೈಲ್ಸ್ 1977ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ವೆಲ್ಷ್ ಕಲಿಯುತ್ತಿದ್ದ ವೇಲ್ಸಿನವರನ್ನು ಗತ್ತಿನ ಇಂಗ್ಲಿಷ್ ದನಿಯೊಂದು ಪ್ರಶ್ನಿಸಿತು: ಸಾಯುತ್ತಿರುವ, ಭವಿಷ್ಯವೇ ಇಲ್ಲದ ಭಾಷೆಯನ್ನು ಕಲಿಯುವುದೇಕೆ? ಕೂಡಲೇ ಅವರ ಇಂಗ್ಲಿಷಿಗೆ ವೆಲ್ಷ್ ರಾಗ ಗಾಢವಾಗಿ ಅಡರಿತು. ಇಲ್ಲಿ ಎಲ್ಲರಿಗೂ ಎಲ್ಲವೂ ಚೆನ್ನಾಗಿಯೇ ಅರ್ಥವಾಗಿತ್ತು; ತರಬೇತಿ ಕೊಟ್ಟು ತಿದ್ದುವಂಥದ್ದೇನೂ ಇರಲಿಲ್ಲ. ಕೆಲವರು ಉತ್ತರದಲ್ಲಿ ವೆಲ್ಷ್ ಪದಗಳನ್ನೇ ಬೆರೆಸಿದರು. ಒಬ್ಬರಂತೂ ತುಸು ಹೊತ್ತು ಸುಮ್ಮನಿದ್ದು, ಆಮೇಲೆ ಮೈಕಿನಲ್ಲಿ ವೆಲ್ಷ್ ಕ್ರಿಯಾಪದದ ರೂಪಗಳನ್ನು ಒಪ್ಪಿಸತೊಡಗಿದರು.