ಕೊಡುವುದಕ್ಕೂ ಒಪ್ಪಿಗೆ ಬೇಕು

2015ರ ಏಪ್ರಿಲ್‌ನಲ್ಲಿ ಭೂಕಂಪಕ್ಕೆ ನೇಪಾಳ ನಡುಗಿದ ವಾರ ಸುರತ್ಕಲ್ ಕಡೆಯ ಯುವಕ ಮಂಡಲದ ಹುಡುಗರು ನನ್ನ ಆಫೀಸಿಗೆ ಬಂದರು. ನಾನು ಪಣಂಬೂರು ಬಂದರಿನ ಕಸ್ಟಮ್ಸ್ ಕೇಸು ನೋಡಿಕೊಳ್ಳುವ ವಕೀಲ. "ಸರ್, ಅರ್ಧ ಲಾರಿ ಬಟ್ಟೆ ಸೇರಿದೆ. ಕಠ್ಮಂಡುವಿಗೆ ಕಳಿಸ್ಲಿಕ್ಕೆ ಯಾವ ಪೇಪರ್ ಬೇಕು?"

"ಅವರು ಬಟ್ಟೆ ಕೇಳಿದ್ದಾರಾ ಮಾರಾಯ್ರೆ?" ಅಂದೆ. ಹುಡುಗರ ಮುಖ ಸಣ್ಣದಾಯಿತು.

ಕೆಲವೇ ದಿನಗಳಲ್ಲಿ ನೇಪಾಳದ ಹಣಕಾಸು ಮಂತ್ರಿ ರಾಮ್ ಶರಣ್ ಮಹತ್ ಅದನ್ನೇ ಹೇಳಿದರು. ಟ್ಯೂನಾ ಮೀನು, ಮಯೋನೀಸ್ ಎಲ್ಲ ಬರುತ್ತಿದೆ, ನಮಗೆ ಬೇಕಾದದ್ದು ಧಾನ್ಯ, ಉಪ್ಪು, ಸಕ್ಕರೆ ಅಂತ.

ಕಾನೂನು ಕೂಡ ಕೇಳಿಯೇ ಕೊಡಿ ಎನ್ನುತ್ತದೆ. ವಿಶ್ವಸಂಸ್ಥೆಯ ಮಹಾಸಭೆಯ 1991ರ 46/182ನೇ ನಿರ್ಣಯದ ಪ್ರಕಾರ ನೆರವು ಹೋಗಬೇಕಾದದ್ದು ಪೆಟ್ಟು ತಿಂದ ದೇಶದ ಒಪ್ಪಿಗೆಯ ಮೇಲೆ. ಮನೆ ಬಿದ್ದರೂ ಬಾಗಿಲು ಆ ಮನೆಯವರದ್ದೇ.

ಬಾಗಿಲು ತೆರೆಯದೇ ಇದ್ದರೆ? 2008ರ ಮೇ ತಿಂಗಳಲ್ಲಿ ಮ್ಯಾನ್ಮಾರ್‌ನಲ್ಲಿ ಆದದ್ದು ಅದು. ನರ್ಗಿಸ್ ಚಂಡಮಾರುತಕ್ಕೆ 1.3 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅಮೆರಿಕ, ಫ್ರಾನ್ಸ್ ಹಡಗುಗಳು ಸಾಮಾನು ಹೊತ್ತು ಸಮುದ್ರದಲ್ಲೇ ಕಾದವು, ಮಿಲಿಟರಿ ಸರ್ಕಾರ ಅವನ್ನು ದಡಕ್ಕೆ ಬಿಡಲಿಲ್ಲ. ಒಪ್ಪಿಗೆ ಇಲ್ಲದಿದ್ದರೂ ನುಗ್ಗೋಣ ಎಂಬ ಧಾಟಿಯಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ಬರ್ನಾರ್ಡ್ ಕುಷ್ನೇರ್ ಮಾತಾಡಿದರು. ಅದರಿಂದ ಆ ಸರ್ಕಾರದ ಅನುಮಾನ ಇನ್ನೂ ಜಾಸ್ತಿಯಾಯಿತು ಎಂದೇ ನನ್ನ ಲೆಕ್ಕ. ಕೊನೆಗೆ ದಾರಿ ಮಾಡಿದ್ದು ನೆರೆಹೊರೆಯ ಆಸಿಯಾನ್ ಕೂಟ. ನಮ್ಮ ನೌಕಾಪಡೆಯ ಹಡಗುಗಳು ಮಾತ್ರ ಮೊದಲೇ ಯಾಂಗೂನ್ ತಲುಪಿದ್ದವು. ನಂಬಿಕೆ ಇದ್ದಲ್ಲಿ ಬೀಗ ಬೇಗ ತೆಗೆಯುತ್ತಾರೆ, ಅಲ್ವಾ?

ಪೆಟ್ಟು ತಿಂದ ದೇಶ ಸುಮ್ನೆ ಹಟಕ್ಕೆ ಬೇಡ ಅನ್ನಬಾರದು ಎಂದು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2016ರ ಕರಡಿನಲ್ಲಿ ಬರೆದಿದೆ. ತನ್ನ ಕೈಲಾಗದಿದ್ದರೆ ಹೊರಗಿನವರನ್ನು ಕೇಳುವುದು ಆ ದೇಶದ ಕರ್ತವ್ಯ ಎಂದೂ ಇದೆ. ಆದರೆ ಅದು ಕರಡು. ಹಲ್ಲಿಲ್ಲ.

ಬೇಡ ಅನ್ನುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ. 2004ರ ಸುನಾಮಿಯಲ್ಲಿ ಹೊರಗಿನ ನೆರವು ಬೇಡ ಅಂದೆವು, ಅದೇ ಹೊತ್ತಿಗೆ ಶ್ರೀಲಂಕಾ, ಮಾಲ್ಡೀವ್ಸ್‌ಗೆ ಹಡಗು ಕಳಿಸಿದೆವು. 2018ರ ಕೇರಳದ ನೆರೆಯಲ್ಲೂ ವಿದೇಶಿ ಸರ್ಕಾರಗಳ ದುಡ್ಡು ಬೇಡ ಅಂದೆವು. ಕೋವಿಡ್ ಬಂದಾಗ ಮಾತು ಬದಲಾಯಿತು. 2021ರ ಮೇಯಲ್ಲಿ ಬಹ್ರೇನ್‌ನಿಂದ ಆಮ್ಲಜನಕದ ಟ್ಯಾಂಕ್ ಹೊತ್ತ ಐಎನ್‌ಎಸ್ ತಲ್ವಾರ್ ಬಂದು ನಿಂತದ್ದು ಇದೇ ಪಣಂಬೂರಿನಲ್ಲಿ. ಒಪ್ಪಿಗೆ ಅಂದರೆ ಬರೀ "ಹೂಂ" ಅಲ್ಲ. ಹಡಗು ಬರುವ ಮೊದಲೇ, ಏಪ್ರಿಲ್‌ನಲ್ಲೇ, ಕೇಂದ್ರ ಸರ್ಕಾರ ಆಮ್ಲಜನಕದ ಮೇಲಿನ ಆಮದು ಸುಂಕ ತೆಗೆದಿತ್ತು. ಅಂಥದ್ದೊಂದು ಆದೇಶ ಇಲ್ಲದಿದ್ದರೆ ದಾನದ ಮಾಲೂ ಶೆಡ್ಡಿನಲ್ಲಿ ಕೂರುತ್ತದೆ. ನನ್ನ ವೃತ್ತಿಯಲ್ಲಿ ಕೂತದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ಆ ಹುಡುಗರು ಆಮೇಲೆ ದುಡ್ಡು ಸೇರಿಸಿ ರೆಡ್‌ಕ್ರಾಸ್‌ಗೆ ಕೊಟ್ಟರು. ಬಟ್ಟೆಯ ಮೂಟೆಗಳು ಮಳೆಗಾಲ ಮುಗಿಯುವವರೆಗೂ ಮಂಡಲದ ಕೋಣೆಯಲ್ಲೇ ಇದ್ದವು.