ನೀಲಗಿರಿ: ಗಿಡದಿಂದ ಗಿಡಕ್ಕೆ ಎಷ್ಟು ದೂರ?

ತಮಿಳುನಾಡಿನ ಹೊಸೂರು, ಡೆಂಕಣಿಕೋಟೆ ಕಡೆ ರಾಗಿ ಹೊಲಗಳ ಮಧ್ಯೆ ನೀಲಗಿರಿ ತೋಪುಗಳಿವೆ ಅಲ್ವಾ, ಅದರಲ್ಲಿ ಯಾವುದಾದರೂ ಒಂದರ ಅಂಚಿಗೆ ಹೋಗಿ ನೋಡಿ. ಬದುವಿನ ಪಕ್ಕದ ಸಾಲಿನ ಮರಗಳು ದಪ್ಪಗಿರುತ್ತವೆ. ನಾಲ್ಕು ಸಾಲು ಒಳಗೆ ಹೋದರೆ, ಅದೇ ದಿನ ನೆಟ್ಟ ಮರಗಳು ಸಣಕಲು. ಎತ್ತರ ಮಾತ್ರ ಹೆಚ್ಚುಕಡಿಮೆ ಒಂದೇ. ಬದುವಿನ ಮರಕ್ಕೆ ಒಂದು ಕಡೆಯಿಂದ ಬಿಸಿಲೂ ಪಕ್ಕದ ಹೊಲದ ತೇವವೂ ಸಿಗುತ್ತದೆ. ಅದಕ್ಕೇ ಆ ಬದುವಿನ ಪಕ್ಕದ ರಾಗಿ ಕುಳ್ಳಗಿರುವುದು.

ಪರೀಕ್ಷೆಯಲ್ಲಿ ಈ ಅಂತರದ ಬಗ್ಗೆ ಪ್ರಶ್ನೆ ಬಂದರೆ ಮೊದಲು ನೆನಪಿಡಬೇಕಾದ್ದು ಇದೇ: ಅಂತರ ಬದಲಾದರೆ ಮರದ ದಪ್ಪ ಜಾಸ್ತಿ ಬದಲಾಗುತ್ತದೆ, ಎತ್ತರ ಅಷ್ಟಾಗಿ ಬದಲಾಗುವುದಿಲ್ಲ. ಎತ್ತರವನ್ನು ಹೆಚ್ಚಾಗಿ ತೀರ್ಮಾನಿಸುವುದು ಮಣ್ಣು, ಮಳೆ ಮತ್ತು ತಳಿ.

ಈಗ ಲೆಕ್ಕ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. 2×2 ಮೀಟರ್ ಅಂತರದಲ್ಲಿ ಒಂದು ಮರಕ್ಕೆ 4 ಚದರ ಮೀಟರ್ ಜಾಗ, ಎಕರೆಗೆ 1,011 ಮರ. 3×2ರಲ್ಲಿ 674. 3×3ರಲ್ಲಿ, ಅಂದರೆ ನಮ್ಮವರು ಹತ್ತಡಿಗೆ ಒಂದು ಎನ್ನುವ ಲೆಕ್ಕದಲ್ಲಿ, 449.

ಒಂದು ಉದಾಹರಣೆ ಮಾಡೋಣ. ಇವು ಅಳತೆ ಮಾಡಿದ ಅಂಕಿಗಳಲ್ಲ, ಲೆಕ್ಕ ಅರ್ಥವಾಗಲಿ ಎಂದು ಇಟ್ಟುಕೊಂಡವು. 2×2 ತೋಪಿನಲ್ಲಿ ಮರದ ಸುತ್ತಳತೆ 30 ಸೆಂ.ಮೀ., 3×3 ತೋಪಿನಲ್ಲಿ 42 ಸೆಂ.ಮೀ., ಎರಡರಲ್ಲೂ ಎತ್ತರ 12 ಮೀಟರ್ ಎಂದುಕೊಳ್ಳಿ. ಬುಡದಿಂದ ತುದಿಗೆ ಮರ ಸಣ್ಣದಾಗುತ್ತಾ ಹೋಗುತ್ತದೆ, ಆದ್ದರಿಂದ ಆಕಾರದ ಗುಣಾಂಕ (ಅದೇ ದಪ್ಪ, ಅದೇ ಎತ್ತರದ ನೆಟ್ಟನೆಯ ಕಂಬದಲ್ಲಿ ಮರ ಎಷ್ಟು ಪಾಲು ಎನ್ನುವ ಅಂಕಿ) 0.45 ಹಾಕೋಣ. ಸುತ್ತಳತೆಯಿಂದ ವ್ಯಾಸ, ವ್ಯಾಸದಿಂದ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ, ಅದಕ್ಕೆ ಎತ್ತರ, ಗುಣಾಂಕ ಎರಡನ್ನೂ ಗುಣಿಸಿದರೆ ಒಂದು ಮರದಲ್ಲಿ ಕ್ರಮವಾಗಿ ಸುಮಾರು 0.039 ಮತ್ತು 0.076 ಘನ ಮೀಟರ್ ಬರುತ್ತದೆ. ಸುತ್ತಳತೆ ಒಂದೂವರೆ ಪಟ್ಟೂ ಆಗಿಲ್ಲ, ಸಿಗುವ ಮರದ ಪ್ರಮಾಣ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು! ವ್ಯಾಸ ವರ್ಗವಾಗಿ ಲೆಕ್ಕಕ್ಕೆ ಬರುವುದೇ ಇದಕ್ಕೆ ಕಾರಣ. ಆದರೂ ಎಕರೆಗೆ ಲೆಕ್ಕ ಹಾಕಿದರೆ ಒತ್ತಾಗಿ ನೆಟ್ಟ ತೋಪಿನಲ್ಲೇ 39 ಘನ ಮೀಟರ್, ಅಗಲ ಬಿಟ್ಟದ್ದರಲ್ಲಿ 34.

ಹಾಗಾದರೆ ಒತ್ತಾಗಿ ನೆಡುವುದೇ ಒಳ್ಳೆಯದಾ? ಇಲ್ಲೇ ಬಹಳ ಮಂದಿ ಎಡವುತ್ತಾರೆ. ಬೇಗ ಕಡಿಯುವುದಾದರೆ ಒತ್ತಾಗಿ ನೆಟ್ಟ ತೋಪು ಮುಂದೆ ಇರುತ್ತದೆ, ಯಾಕೆಂದರೆ ಎಲೆ ಬೇಗ ನೆಲ ತುಂಬುತ್ತದೆ, ಬಿಸಿಲು ಪೋಲಾಗುವುದಿಲ್ಲ, ಕಳೆಯೂ ಕಮ್ಮಿ. ವರ್ಷ ಕಳೆದಂತೆ ಸ್ಪರ್ಧೆ ಶುರುವಾಗುತ್ತದೆ, ಸಣ್ಣ ಮರಗಳು ಒಣಗಿ ಸಾಯುತ್ತವೆ, ಅಗಲ ಬಿಟ್ಟ ತೋಪು ಹಿಂದಿನಿಂದ ಬಂದು ಸಮ ಮಾಡಿಕೊಳ್ಳುತ್ತದೆ. ಅದೂ ಅಲ್ಲದೆ ಕೊಳ್ಳುವವರು ಒಂದು ದಪ್ಪಕ್ಕಿಂತ ತೆಳ್ಳಗಿರುವುದನ್ನು ಸೌದೆ ರೇಟಿಗೆ ತಳ್ಳುತ್ತಾರೆ. ತೆಳ್ಳನೆಯ ಮರದಲ್ಲಿ ತೊಗಟೆಯ ಪಾಲು ಜಾಸ್ತಿ, ಟನ್ನಿಗೆ ಸುಲಿಯುವ ಕೂಲಿಯೂ ಜಾಸ್ತಿ. ಹಾಗಾಗಿ ಏನು ಮಾರುತ್ತೇವೆ, ಎಷ್ಟನೇ ವರ್ಷ ಕಡಿಯುತ್ತೇವೆ ಎಂದು ಹೇಳದೆ ಅಂತರದ ಪ್ರಶ್ನೆಗೆ ಉತ್ತರ ಬರೆದರೆ, ಅದು ಅರ್ಧ ಉತ್ತರ. ಕಾಗದ ಮಾಡಲು ಮಾರುವ ಮರಕ್ಕೆ ಸಾಮಾನ್ಯವಾಗಿ 3×2 ಅಥವಾ 3×1.5. ದಪ್ಪ ದಿಮ್ಮಿ ಬೇಕೆಂದರೆ ಇನ್ನೂ ಅಗಲ, ಆದರೆ ಆಗ ಕೊಂಬೆ ದಪ್ಪವಾಗಿ ಗಂಟು ಬೀಳುತ್ತದೆ.

ಇದನ್ನೆಲ್ಲ ಪ್ರಯೋಗ ಮಾಡಿ ನೋಡುವುದಕ್ಕೆ ತುಂಬಾ ಜಾಗ ಬೇಕು. 1962ರಲ್ಲಿ ಸಂಖ್ಯಾಶಾಸ್ತ್ರಜ್ಞ ಜಾನ್ ನೆಲ್ಡರ್ ಒಂದು ಚಂದದ ದಾರಿ ತೋರಿಸಿದರು. ಚಕ್ರದ ಕಡ್ಡಿಗಳ ಹಾಗೆ ಸಾಲು ಎಳೆದು ನೆಟ್ಟರೆ ನಡುವೆ ಒತ್ತು, ಹೊರಗೆ ಹೋದಂತೆ ವಿರಳ. ಒಂದೇ ತುಂಡು ನೆಲದಲ್ಲಿ ಹಲವು ಅಂತರ ಸಿಗುತ್ತದೆ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ತೋಪಿನಲ್ಲಿ ಅಳೆಯುವಾಗ ಅಂಚಿನ ಸಾಲುಗಳನ್ನು ಬಿಡಿ, ಇಲ್ಲದಿದ್ದರೆ ಸರಾಸರಿ ಸುಮ್ನೆ ಏರಿಬಿಡುತ್ತದೆ. ಟೇಪು ಸುತ್ತುವುದು ನೆಲದಿಂದ 1.37 ಮೀಟರ್ ಎತ್ತರದಲ್ಲಿ. ಅಲ್ಲಿ ಜೋತಾಡುವ ತೊಗಟೆಯ ಪಟ್ಟಿಗಳನ್ನು ಕೈಯಿಂದ ಎಳೆದು ಹಾಕಿ ಆಮೇಲೆ ಸುತ್ತಿ.

ಉತ್ತರದಲ್ಲಿ ನೀರಿನ ವಿಷಯವನ್ನೂ ಬರೆಯಿರಿ. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಗಡಿಯಾಚೆ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಅಗಲ ಬಿಟ್ಟು ನೆಟ್ಟರೆ ನೀರು ಉಳಿಯುತ್ತದೆ ಎನ್ನುವುದು ಮೊದಲ ವರ್ಷಗಳಿಗೆ ಮಾತ್ರ ನಿಜ. ಅಕ್ಕಪಕ್ಕದ ಮರಗಳ ನೆತ್ತಿ ಒಂದಕ್ಕೊಂದು ಕೂಡಿದ ಮೇಲೆ ಎಕರೆಗೆ ಎಲೆಯ ಪ್ರಮಾಣ ಹೆಚ್ಚುಕಡಿಮೆ ಸಮವಾಗುತ್ತದೆ, ಕುಡಿಯುವ ನೀರೂ ಅಷ್ಟೇ. ಮಳೆ ನಂಬಿದ ಒಣ ನೆಲದಲ್ಲಿ ಒತ್ತಾಗಿ ನೆಟ್ಟರೆ ಬರಗಾಲದ ಹೊಡೆತ ಮೊದಲೇ ಬೀಳುತ್ತದೆ.

ಕೊನೆಯದು ಕೂಳೆ ಬೆಳೆ. ನೆಲದಿಂದ ಒಂದು ಗೇಣಿನೊಳಗೆ ಕಡಿದರೆ ಬೊಡ್ಡೆಯಿಂದ ಚಿಗುರುಗಳು ಗುಂಪಾಗಿ ಏಳುತ್ತವೆ. ಎಲ್ಲವನ್ನೂ ಬಿಟ್ಟರೆ ಒತ್ತಾಗಿ ನೆಟ್ಟ ತೋಪಿನ ಕಥೆಯೇ ಮತ್ತೆ, ಹಾಗಾಗಿ ಗಟ್ಟಿಯಾದ ಒಂದನ್ನೋ ಎರಡನ್ನೋ ಉಳಿಸಿ ಉಳಿದದ್ದನ್ನು ತೆಗೆಯಬೇಕು. ಪಕ್ಕದ ಬೊಡ್ಡೆ ಸತ್ತಿದ್ದರೆ ಎರಡು ಬಿಡಿ, ನಾಲ್ಕೂ ಕಡೆ ಬದುಕಿದ್ದರೆ ಒಂದೇ ಸಾಕು.