ಬೆಂಗಳೂರಿಗೆ ಬಾರದ ನೆರಳು

2019ರ ಡಿಸೆಂಬರ್ 26ರ ಬೆಳಗ್ಗೆ ಬೆಂಗಳೂರಿನ ಸೂರ್ಯನನ್ನು ಚಂದ್ರ ಸುಮಾರು 90 ಪರ್ಸೆಂಟ್ ಮುಚ್ಚಿದ್ದ. ಆದರೂ ಊರು ಕತ್ತಲಾಗಲಿಲ್ಲ. ಬಿಸಿಲು ಮಂಕಾಯಿತು, ಅಷ್ಟೇ. ಗ್ರಹಣ ಅಂತ ಗೊತ್ತಿಲ್ಲದವರು ಆ ಹೊತ್ತಿಗೆ ಹೊರಗೆ ಬಂದಿದ್ದರೆ ತಲೆ ಎತ್ತಿ ನೋಡುವ ಕಾರಣವೇ ಇರುತ್ತಿರಲಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಸೂರ್ಯ ಮಾಯವಾದರೂ ಹಗಲು ಹಗಲಾಗಿಯೇ ಇತ್ತು.

ಪೂರ್ಣ ಸೂರ್ಯಗ್ರಹಣ ನೋಡಲು ವಿಮಾನ ಹತ್ತಿ ದೇಶ ದಾಟುವವರನ್ನು ಕಂಡಾಗ ಜನ ಕೇಳುವ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ. "ಟೆರೇಸ್ ಮೇಲೆ ನಿಂತರೆ ಇಲ್ಲೇ ಅಷ್ಟೊಂದು ಕಾಣುತ್ತೆ, ಅಲ್ವಾ? ಉಳಿದ ಚೂರಿಗೆ ಇಷ್ಟು ದುಡ್ಡು ಸುರೀಬೇಕಾ?" ಸುರಿಯಬೇಕು ಅಂತಲೇ ನನ್ನ ಉತ್ತರ. ಯಾಕೆಂದರೆ ನೋಡಬೇಕಾದ್ದೆಲ್ಲ ಆ ಉಳಿದ ಚೂರಿನ ಆಚೆಗಿದೆ.

ಸೂರ್ಯನ ಬಿಂಬದ ಸುತ್ತ ಲಕ್ಷಾಂತರ ಕಿಲೋಮೀಟರ್ ಹರಡಿಕೊಂಡ ತೆಳುವಾದ ಹೊರ ವಾತಾವರಣ ಇದೆ. ಅದೇ ಕರೋನಾ. ಅದು ಯಾವಾಗಲೂ ಅಲ್ಲೇ ಇರುತ್ತದೆ, ಈಗ ನಮ್ಮ ತಲೆಯ ಮೇಲಿರುವ ಸೂರ್ಯನ ಸುತ್ತಲೂ ಇದೆ. ಆದರೆ ಅದರ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಹೆಚ್ಚುಕಮ್ಮಿ ಹುಣ್ಣಿಮೆ ಚಂದ್ರನಷ್ಟು. ಈಗ ಲೆಕ್ಕ ಹಾಕಿ. ಗ್ರಹಣ 99 ಪರ್ಸೆಂಟ್ ಆದಾಗ ಉಳಿದಿರುವುದು ಒಂದೇ ಪರ್ಸೆಂಟ್ ಸೂರ್ಯ. ಆ ಒಂದು ಪರ್ಸೆಂಟ್ ಕೂಡ ಕರೋನಾಗಿಂತ ಹತ್ತು ಸಾವಿರ ಪಟ್ಟು ಪ್ರಖರ. ಅದು ಇರುವ ತನಕ ಕರೋನಾ ಕಾಣುವ ಮಾತೇ ಇಲ್ಲ. ಜೊತೆಗೆ ನಮ್ಮ ಕಣ್ಣು ಬೆಳಕಿಗೆ ಹೊಂದಿಕೊಳ್ಳುವುದರಲ್ಲಿ ಬಹಳ ಜಾಣ. ಬೆಳಕು ನಿಧಾನವಾಗಿ ಅರ್ಧವಾದರೂ, ಕಾಲುಭಾಗವಾದರೂ ಅದು ನಮಗೆ ಸುದ್ದಿ ಮುಟ್ಟಿಸುವುದಿಲ್ಲ.

ನೂರು ಪರ್ಸೆಂಟ್ ಆದ ಕ್ಷಣದಲ್ಲಿ ಮಾತ್ರ ಎಲ್ಲವೂ ಬದಲಾಗುತ್ತದೆ. ಅದಕ್ಕೆ ಹತ್ತು ನಿಮಿಷ ಮುಂಚೆ ನೆರಳುಗಳ ಅಂಚು ವಿಚಿತ್ರವಾಗಿ ಚೂಪಾಗುತ್ತದೆ. ಮರದ ಕೆಳಗೆ ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಸಣ್ಣ ಸಣ್ಣ ಕುಡುಗೋಲಿನ ಆಕಾರ ತಾಳಿರುತ್ತವೆ. (ಇದನ್ನು ಪಾರ್ಶ್ವ ಗ್ರಹಣದಲ್ಲೂ ನೋಡಬಹುದು. ಕಬ್ಬನ್ ಪಾರ್ಕಿನ ಯಾವ ದೊಡ್ಡ ಮರವಾದರೂ ಸಾಕು.) ಗಾಳಿ ತಣ್ಣಗಾಗುತ್ತದೆ. ಹಕ್ಕಿಗಳು ಗೂಡಿಗೆ ಹೊರಡುತ್ತವೆ. ತೆರೆದ ಬಯಲಲ್ಲಿ ನಿಂತಿದ್ದರೆ ಪಶ್ಚಿಮದ ದಿಗಂತದಿಂದ ಚಂದ್ರನ ನೆರಳು ಓಡಿ ಬರುವುದೇ ಕಾಣುತ್ತದೆ. ನೆಲದ ಮೇಲೋ ಬಿಳಿ ಬಟ್ಟೆಯ ಮೇಲೋ ತೆಳುವಾದ ನೆರಳಿನ ಪಟ್ಟೆಗಳು ಹರಿದಾಡಬಹುದು. ಸೂರ್ಯನ ಕೊನೆಯ ಸಣ್ಣ ಗೆರೆಯಿಂದ ಬರುವ ಬೆಳಕು ನಮ್ಮ ಗಾಳಿಯಲ್ಲಿ ಅಲುಗಾಡುವುದರಿಂದ ಆಗುವುದು ಅದು.

ಆ ಕೊನೆಯ ಗೆರೆ ತುಂಡಾಗಿ ಮಣಿಗಳಾಗುತ್ತದೆ. ಚಂದ್ರನ ಅಂಚು ನುಣುಪಾಗಿಲ್ಲ, ಅಲ್ಲಿ ಬೆಟ್ಟ ಕಣಿವೆಗಳಿವೆ. ಕಣಿವೆಗಳ ಮೂಲಕ ಮಾತ್ರ ಬೆಳಕು ತೂರಿ ಬರುತ್ತದೆ. 1836ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿಸ್ ಬೇಲಿಯ ಹೆಸರಲ್ಲಿ ಇವುಗಳನ್ನು ಬೇಲಿ ಮಣಿಗಳು ಅನ್ನುತ್ತಾರೆ. ಕೊನೆಗೆ ಒಂದೇ ಮಣಿ ಉಳಿದಾಗ ಅದು ವಜ್ರದುಂಗುರ. ಅದೂ ಆರಿತು ಅಂದರೆ ಕಪ್ಪು ತಟ್ಟೆಯ ಸುತ್ತ ಮುತ್ತಿನ ಬಣ್ಣದ ಎಳೆಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ಅಂಚಿನಲ್ಲಿ ಅಲ್ಲಲ್ಲಿ ಗುಲಾಬಿ ಬಣ್ಣದ ಜ್ವಾಲೆಗಳು. ಹಗಲಲ್ಲೇ ಶುಕ್ರ ಮಿನುಗುತ್ತಾನೆ. ಸುತ್ತ ಎಲ್ಲ ದಿಕ್ಕಿನಲ್ಲೂ ದಿಗಂತದ ಮೇಲೆ ಸಂಜೆಗೆಂಪು, ಯಾಕೆಂದರೆ ನೆರಳಿನ ಆಚೆ ಎಲ್ಲ ಕಡೆಯೂ ಇನ್ನೂ ಹಗಲೇ. ಈ ಕೆಲವು ನಿಮಿಷ ಮಾತ್ರ ಬರಿಗಣ್ಣಲ್ಲಿ ನೋಡಬಹುದು, ನೋಡಲೇಬೇಕು. ಅದರ ಮುಂಚೆ, ಆಮೇಲೆ ಗ್ರಹಣದ ಕನ್ನಡಕ ಕಡ್ಡಾಯ. ರೆಟಿನಾ ಸುಟ್ಟರೂ ನೋವಾಗುವುದಿಲ್ಲ, ಹಾಗಾಗಿ ಕಣ್ಣು ಉರಿದರೆ ತಿರುಗಿಸೋಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಳೇ ಎಕ್ಸ್‌ರೇ ಫಿಲಂ, ಕೂಲಿಂಗ್ ಗ್ಲಾಸ್ ಎಲ್ಲ ಬೇಡವೇ ಬೇಡ.

ಇಷ್ಟೆಲ್ಲ ಸಾಧ್ಯವಾಗುವುದು ಒಂದು ಕಾಕತಾಳೀಯದಿಂದ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ಸುಮಾರು 400 ಪಟ್ಟು ದೂರ. ಹಾಗಾಗಿ ಎರಡೂ ಒಂದೇ ಗಾತ್ರ ಕಾಣುತ್ತವೆ. ಚಂದ್ರ ಸ್ವಲ್ಪ ದೂರ ಇದ್ದರೆ ತಟ್ಟೆ ಸಾಲದೆ ಉಂಗುರ ಉಳಿಯುತ್ತದೆ. ಅದು ಕಂಕಣ ಗ್ರಹಣ. 2019ರಲ್ಲಿ ಕಾಸರಗೋಡು, ಕೊಡಗಿನ ಕಡೆ ಕಂಡದ್ದು ಅದೇ. ಸುಂದರವೇ, ಆದರೆ ಕರೋನಾ ಅಲ್ಲಿ ಸಿಗುವುದಿಲ್ಲ.

ಚಂದ್ರನ ಪೂರ್ಣ ನೆರಳು ಭೂಮಿಗೆ ಮುಟ್ಟುವಾಗ ಅದು ಮೊನೆಯಾಗಿ ಸೊರಗಿರುತ್ತದೆ. ನೆಲದ ಮೇಲೆ ಸಾಮಾನ್ಯವಾಗಿ ನೂರು ಇನ್ನೂರು ಕಿಲೋಮೀಟರ್ ಅಗಲದ ಪಟ್ಟಿ. ಅದರ ಹೊರಗಿದ್ದವರಿಗೆ ಪಾರ್ಶ್ವ ಗ್ರಹಣವೇ ಗತಿ. ಹೀಗಾಗಿ ಒಂದೇ ಜಾಗಕ್ಕೆ ಪೂರ್ಣ ಗ್ರಹಣ ಮತ್ತೆ ಬರಲು ಸರಾಸರಿ 375 ವರ್ಷ ಬೇಕು. ಮನೆಯಲ್ಲೇ ಕೂತು ಕಾಯುವ ಯೋಜನೆ ನಮ್ಮ ಆಯಸ್ಸಿಗೆ ಹೊಂದುವುದಿಲ್ಲ.

ಬೆಂಗಳೂರಿಗಂತೂ ನೆರಳು ಬೇಕಂತಲೇ ಚೇಷ್ಟೆ ಮಾಡಿದ ಹಾಗಿದೆ. 1868ರ ಆಗಸ್ಟ್ 18ರಂದು ಅದು ಉತ್ತರದಲ್ಲಿ ಹಾದುಹೋಯಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ದೂರದರ್ಶಕ ಹೂಡಿದ್ದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಇವರು. ಆ ಗುಲಾಬಿ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಬಣ್ಣಬಣ್ಣವಾಗಿ ಒಡೆದು ನೋಡಿದಾಗ ಬಿಡಿಬಿಡಿ ಹೊಳೆಯುವ ಗೆರೆಗಳು ಕಂಡವು. ಅಂದರೆ ಅವು ಬಿಸಿ ಅನಿಲದ ಜ್ವಾಲೆಗಳು. ಅದೇ ದಿನ ಗುಂಟೂರಿನಲ್ಲಿದ್ದ ಫ್ರಾನ್ಸಿನ ಪಿಯರ್ ಜಾನ್ಸನ್‌ಗೆ ಆ ಗೆರೆಗಳು ಎಷ್ಟು ಪ್ರಖರವಾಗಿ ಕಂಡವೆಂದರೆ, ಗ್ರಹಣ ಇಲ್ಲದೆಯೂ ಇವನ್ನು ನೋಡಬಹುದಲ್ಲ ಅನಿಸಿತು. ಮರುದಿನ ಬಿಸಿಲಲ್ಲೇ ನೋಡಿದರು. ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಕೂಡ ಸ್ವತಂತ್ರವಾಗಿ ಅದನ್ನೇ ಮಾಡಿದರು. ಆ ಗೆರೆಗಳಲ್ಲಿ ಒಂದು ಹಳದಿ ಗೆರೆ ಸೋಡಿಯಂನದ್ದಲ್ಲ ಅಂತ ಗೊತ್ತಾಯಿತು. ಅದು ಹೀಲಿಯಂ ಅನ್ನುವ ಹೊಸ ಅನಿಲದ ಗುರುತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆ ಅವರಿಗೆ. "ಹೀಲಿಯಂ ಗುಂಟೂರಿನಲ್ಲಿ ಸಿಕ್ಕಿತು" ಅನ್ನುವ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ಅದು ಅರ್ಧ ನಿಜ ಅಂತಷ್ಟೇ ಹೇಳಬಹುದು.

ಮೂರು ವರ್ಷ ಬಿಟ್ಟು, 1871ರ ಡಿಸೆಂಬರ್ 12ರಂದು ನೆರಳು ಮತ್ತೆ ಬಂತು. ಈ ಸಲ ನಮ್ಮ ದಕ್ಷಿಣಕ್ಕೆ. ಕಾಸರಗೋಡಿನ ಬೇಕಲ ಕೋಟೆಯ ಹತ್ತಿರ ಲಾಕಿಯರ್, ನೀಲಗಿರಿಯ ಶೋಲೂರಿನಲ್ಲಿ ಜಾನ್ಸನ್. ಬೆಂಗಳೂರು ಮತ್ತೆ ಹೊರಗೆ.

ಆಮೇಲೆ 1980ರ ಫೆಬ್ರವರಿ 16. ಅಂಕೋಲಾದಲ್ಲಿ ನೆಲ ಮುಟ್ಟಿದ ನೆರಳು ಹುಬ್ಬಳ್ಳಿ, ರಾಯಚೂರು ದಾಟಿ ಆಂಧ್ರಕ್ಕೆ, ಅಲ್ಲಿಂದ ಪುರಿ, ಕೋಣಾರ್ಕದ ಕಡೆ ಹೋಯಿತು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಎರಡೂವರೆ ನಿಮಿಷದ ಆಸುಪಾಸು ಕತ್ತಲೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ಆಗ ಅದರ ನಿರ್ದೇಶಕರು ವೇಣು ಬಾಪು. ನಮ್ಮ ನಗರದವರು ಒಂದು ರಾತ್ರಿ ರೈಲು ಹತ್ತಿದ್ದರೆ ಸಾಕಿತ್ತು. ಆದರೆ ಅಂದು ದೇಶದ ಎಷ್ಟೋ ಊರುಗಳಲ್ಲಿ ಬೀದಿಗಳು ಖಾಲಿ ಹೊಡೆದವು. ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ದೂರದರ್ಶನ ಆ ಮಧ್ಯಾಹ್ನ ಹಿಂದಿ ಸಿನಿಮಾ ಹಾಕಿತು. ನೆತ್ತಿಯ ಮೇಲೆ ನಡೆಯುತ್ತಿದ್ದುದರ ಮುಂದೆ ಯಾವ ಸಿನಿಮಾ ನಿಲ್ಲುತ್ತದೆ ಹೇಳಿ! ತಟ್ಟೆಯ ನೀರಲ್ಲಿ ಒನಕೆ ನಿಲ್ಲಿಸಿ ಗ್ರಹಣ ಹಿಡಿಯಿತು ಅನ್ನುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ತಳ ಸಮ ಇದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ, ಬೇಕಾದರೆ ನಾಳೆಯೇ ನಿಲ್ಲಿಸಿ ನೋಡಿ.

1980ರ ಆ ಗ್ರಹಣ ಅಲ್ಲಿಗೆ ಮುಗಿದು ಹೋಗಲಿಲ್ಲ ಅನ್ನುವುದು ನನಗೆ ಇಷ್ಟವಾದ ಸಂಗತಿ. ಗ್ರಹಣಗಳಿಗೆ ವಂಶಾವಳಿ ಇದೆ. ಸೂರ್ಯ, ಚಂದ್ರ, ಭೂಮಿ ಹೆಚ್ಚುಕಮ್ಮಿ ಅದೇ ಸ್ಥಾನಕ್ಕೆ, ಅಷ್ಟೇ ದೂರಕ್ಕೆ ಮರಳಲು 18 ವರ್ಷ 11 ದಿನ 8 ಗಂಟೆ ಬೇಕು. ಇದಕ್ಕೆ ಸಾರೋಸ್ ಚಕ್ರ ಅನ್ನುತ್ತಾರೆ. ಆ 8 ಗಂಟೆಯೇ ಎಲ್ಲ ತಕರಾರಿಗೆ ಮೂಲ. ಅಷ್ಟರಲ್ಲಿ ಭೂಮಿ ಇನ್ನೂ ಮೂರನೇ ಒಂದು ಸುತ್ತು ತಿರುಗಿರುತ್ತದೆ. ಹಾಗಾಗಿ ಮುಂದಿನ ನೆರಳು ಪಶ್ಚಿಮಕ್ಕೆ ಭೂಗೋಳದ ಮೂರನೇ ಒಂದು ಪಾಲು ಸರಿದು ಬೀಳುತ್ತದೆ. ಅಂಕೋಲಾದ ನೆರಳು 1998ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಯಿತು, 2016ರಲ್ಲಿ ಇಂಡೋನೇಷ್ಯಾಕ್ಕೆ. ಮೂರು ಸುತ್ತು ಆದಾಗ ಎಂಟು ಗಂಟೆ ಮೂರು ಸಲ ಸೇರಿ ಒಂದು ಪೂರ್ತಿ ದಿನ. ಆಗ ನೆರಳು ಮತ್ತೆ ನಮ್ಮ ರೇಖಾಂಶದ ಕಡೆಗೇ ಬರುತ್ತದೆ. 54 ವರ್ಷ ಒಂದು ತಿಂಗಳು. ಅಂದರೆ 2034ರ ಮಾರ್ಚ್ 20. ಅಕ್ಷಾಂಶ ಮಾತ್ರ ಉತ್ತರಕ್ಕೆ ಜರುಗಿರುತ್ತದೆ, ಹಾಗಾಗಿ ಈ ಸಲ ಉತ್ತರ ಕನ್ನಡ ಅಲ್ಲ, ಲಡಾಖ್.

ಅದಕ್ಕೂ ಮುಂಚೆ 2027ರ ಆಗಸ್ಟ್ 2 ಇದೆ. ಗ್ರಹಣದ ಬೆನ್ನು ಹತ್ತಿದವರ ಬಾಯಲ್ಲಿ ಈಗ ಇದೇ ಮಾತು. ಸ್ಪೇನಿನ ದಕ್ಷಿಣ ತುದಿ, ಉತ್ತರ ಆಫ್ರಿಕಾ, ಈಜಿಪ್ಟಿನ ಲಕ್ಸರ್, ಆಮೇಲೆ ಸೌದಿಯ ಜೆಡ್ಡಾ, ಮೆಕ್ಕಾ, ಯೆಮನ್. ಲಕ್ಸರ್ ಹತ್ತಿರ ಆರು ನಿಮಿಷಕ್ಕೂ ಜಾಸ್ತಿ ಪೂರ್ಣ ಕತ್ತಲೆ. ಅಷ್ಟು ಉದ್ದ ಯಾಕೆ? ಚಂದ್ರ ಅಂದು ಭೂಮಿಗೆ ಹತ್ತಿರ, ಹಾಗಾಗಿ ದೊಡ್ಡದು. ಸೂರ್ಯ ನಮ್ಮಿಂದ ಅತಿ ದೂರ ಇರುವುದು ಜುಲೈ ಆರಂಭದಲ್ಲಿ, ಆಗಸ್ಟ್ ಶುರುವಿನಲ್ಲೂ ಅದು ಸ್ವಲ್ಪ ಚಿಕ್ಕದೇ. ಮೇಲಾಗಿ ನೆರಳು ಮಧ್ಯಾಹ್ನದ ಹೊತ್ತಿಗೆ ಭೂಮಧ್ಯರೇಖೆಗೆ ಸಾಕಷ್ಟು ಹತ್ತಿರದ ಬಿಸಿಲುನಾಡಿನ ಮೇಲೆ ಹಾಯುತ್ತದೆ. ಅಲ್ಲಿ ಭೂಮಿಯ ಮೈ ಕೂಡ ನೆರಳು ಓಡುವ ದಿಕ್ಕಿಗೇ ವೇಗವಾಗಿ ತಿರುಗುತ್ತಿರುತ್ತದೆ, ನೆರಳಿನಿಂದ ತಪ್ಪಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಆದರೂ ನೆಲದ ಮೇಲೆ ನಿಂತವರಿಗೆ ಯಾವ ಪೂರ್ಣ ಗ್ರಹಣವೂ ಹೆಚ್ಚುಕಮ್ಮಿ ಏಳೂವರೆ ನಿಮಿಷ ಮೀರುವುದಿಲ್ಲ.

ಮೀರಿದವರು ಇದ್ದಾರೆ, ಅನ್ನಿ. 1973ರ ಜೂನ್ 30ರಂದು ಕಾಂಕಾರ್ಡ್ ವಿಮಾನದಲ್ಲಿ ಕೂತ ವಿಜ್ಞಾನಿಗಳು ಆಫ್ರಿಕಾದ ಮೇಲೆ ನೆರಳಿನ ಜೊತೆ ಓಡಿ 74 ನಿಮಿಷ ಪೂರ್ಣ ಗ್ರಹಣದಲ್ಲೇ ಇದ್ದರು. ಆ ಗ್ರಹಣವೂ 2027ರದ್ದೂ ಒಂದೇ ವಂಶ. ಐನ್‌ಸ್ಟೈನ್ ಹೇಳಿದಂತೆ ನಕ್ಷತ್ರದ ಬೆಳಕು ಸೂರ್ಯನ ಬಳಿ ಬಾಗುತ್ತದೆ ಅಂತ ಎಡಿಂಗ್ಟನ್ ತಂಡ ಅಳೆದ 1919ರ ಗ್ರಹಣವೂ ಇದೇ ಮನೆಯದ್ದು. 2009ರ ಜುಲೈ 22ರ ಗ್ರಹಣವೂ ಅದೇ.

2009ರದ್ದನ್ನು ನೆನೆದರೆ ಗ್ರಹಣ ಪ್ರವಾಸದ ನಿಜವಾದ ಶತ್ರು ಯಾರು ಅಂತ ಗೊತ್ತಾಗುತ್ತದೆ. ಸೂರತ್, ಭೋಪಾಲ್, ವಾರಾಣಸಿ, ಪಟ್ನಾ ಎಲ್ಲ ನೆರಳಿನ ದಾರಿಯಲ್ಲಿದ್ದವು. ಪಟ್ನಾ ಬಳಿಯ ತಾರೇಗ್ನಾ ಒಳ್ಳೆಯ ಜಾಗ ಅಂತ ಹೆಸರಾಗಿ ಅಲ್ಲಿ ಜನಸಾಗರ ಸೇರಿತು. ಮೋಡ ಕವಿಯಿತು. ವಾರಾಣಸಿಯ ಘಾಟ್‌ಗಳಲ್ಲಿ ನಿಂತವರಿಗೆ ಕಂಡಿತು. ಜುಲೈ ಮಳೆಗಾಲದಲ್ಲಿ ಇದು ಲಾಟರಿಯೇ. ಹಾಗಾಗಿ ಅನುಭವಿಗಳು ನಕ್ಷೆಯಲ್ಲಿ ಅತಿ ಉದ್ದದ ಕತ್ತಲೆ ಎಲ್ಲಿ ಅಂತ ಮೊದಲು ನೋಡುವುದಿಲ್ಲ, ಆ ತಿಂಗಳಲ್ಲಿ ಆಕಾಶ ಎಲ್ಲಿ ಖಾಲಿ ಇರುತ್ತದೆ ಅಂತ ನೋಡುತ್ತಾರೆ. ಇನ್ನೊಂದು ಅರ್ಧ ನಿಮಿಷಕ್ಕೆ ಆಸೆಪಟ್ಟು ಮೋಡದ ಊರಿಗೆ ಹೋಗುವುದು ದಡ್ಡತನ. ಲಕ್ಸರ್‌ಗೆ ಇಷ್ಟು ಬೇಡಿಕೆ ಬಂದಿರುವುದು ಅದಕ್ಕೇ. ಆಗಸ್ಟ್‌ನಲ್ಲಿ ಅಲ್ಲಿ ಮೋಡದ ಭಯ ಬಹುತೇಕ ಇಲ್ಲ. 40 ಡಿಗ್ರಿ ದಾಟುವ ಬಿಸಿಲಿನ ಭಯ ಇದೆ. ಬೆಂಗಳೂರಿನ ಹವೆಗೆ ಒಗ್ಗಿದ ನಮಗೆ ಟೋಪಿ, ನೀರು, ನೆರಳು ಇಲ್ಲದೆ ನಡೆಯುವುದಿಲ್ಲ. ಮೊದಲ ಸಲ ಹೋಗುವವರು ಕ್ಯಾಮೆರಾ ಬ್ಯಾಗಲ್ಲೇ ಇಟ್ಟುಬಿಡುವುದು ಒಳ್ಳೆಯದು. ಕರೋನಾದ ಒಳಭಾಗ ತುಂಬ ಬೆಳಕು, ಹೊರಭಾಗ ತೀರಾ ಮಂಕು. ಎರಡನ್ನೂ ಒಂದೇ ನೋಟದಲ್ಲಿ ಹಿಡಿಯುವ ತಾಕತ್ತು ಮೊಬೈಲ್‌ಗಿಂತ ಕಣ್ಣಿಗೆ ಜಾಸ್ತಿ.

ವಿಜ್ಞಾನಿಗಳಿಗೆ ಮೋಡದ ಕಾಟ ತಪ್ಪಿಸುವ ದಾರಿ ಸಿಕ್ಕಿದೆ. ಭಾರತದ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಕರೋನಾ ನೋಡುತ್ತದೆ. ಅದರ ಮುಖ್ಯ ಉಪಕರಣ ತಯಾರಾದದ್ದು ಹೊಸಕೋಟೆಯಲ್ಲಿ, ಖಭೌತ ಸಂಸ್ಥೆಯ ಆವರಣದಲ್ಲೇ. ಒಂದು ತಟ್ಟೆಯನ್ನು ಸೂರ್ಯನಿಗೆ ಅಡ್ಡ ಹಿಡಿದು ಅದು ದಿನವಿಡೀ ಕೃತಕ ಗ್ರಹಣ ಮಾಡಿಕೊಳ್ಳುತ್ತದೆ. 2024ರ ಡಿಸೆಂಬರ್‌ನಲ್ಲಿ ಶ್ರೀಹರಿಕೋಟಾದಿಂದ ನಮ್ಮ ಪಿಎಸ್‌ಎಲ್‌ವಿ ಹಾರಿಸಿದ ಯೂರೋಪಿನ ಪ್ರೋಬಾ-3 ಇನ್ನೂ ಮಜವಾಗಿದೆ. ಎರಡು ಉಪಗ್ರಹಗಳು 150 ಮೀಟರ್ ಅಂತರದಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ, ಮುಂದಿನದು ಹಿಂದಿನದಕ್ಕೆ ಚಂದ್ರನಾಗುತ್ತದೆ. ಇವೆಲ್ಲ ಬಿಡಿಸಬೇಕಾದ ಒಗಟು ಒಂದೇ. ಸೂರ್ಯನ ಮೇಲ್ಮೈ 5,500 ಡಿಗ್ರಿ, ಅದಕ್ಕಿಂತ ದೂರ ಇರುವ ಕರೋನಾ ಹತ್ತು ಲಕ್ಷ ಡಿಗ್ರಿಗೂ ಹೆಚ್ಚು. ಒಲೆಯಿಂದ ದೂರ ಹೋದಷ್ಟೂ ಸೆಖೆ ಜಾಸ್ತಿಯಾದ ಹಾಗೆ.

ವಿದೇಶಕ್ಕೆ ಹೋಗಲು ಆಗದವರಿಗೆ ಲಡಾಖ್ ಉಳಿದಿದೆ. 2031ರ ಮೇ 21ರಂದು ಕೇರಳ, ತಮಿಳುನಾಡಿನ ದಕ್ಷಿಣದಲ್ಲಿ ಕಾಣುವುದು ಕಂಕಣ, ಅದಕ್ಕೆ ಬಸ್ಸಲ್ಲೇ ಹೋಗಿ ಬರಬಹುದು. 2034ಕ್ಕೆ ಮಾತ್ರ ಈಗಿನಿಂದಲೇ ತಲೆ ಓಡಿಸಬೇಕು. ಮಾರ್ಚ್‌ನಲ್ಲಿ ಅಲ್ಲಿ ಚಳಿ ಇನ್ನೂ ಬಿಟ್ಟಿರುವುದಿಲ್ಲ, ಶ್ರೀನಗರದಿಂದ ಕಾರ್ಗಿಲ್‌ಗೆ ಹೋಗುವ ಜೋಜಿಲಾ ಕಣಿವೆ ಹಿಮದಿಂದ ಮುಚ್ಚುವ ಜಾಗ. ಗ್ರಹಣ ಆಗುವುದು ಸಂಜೆಯ ಕಡೆ, ಸೂರ್ಯ ಪಶ್ಚಿಮಕ್ಕೆ ಇಳಿದಿರುತ್ತಾನೆ. ಆಯ್ದುಕೊಂಡ ಹಳ್ಳಿಯ ಪಶ್ಚಿಮಕ್ಕೆ ಎತ್ತರದ ಬೆಟ್ಟ ಇದ್ದರೆ ಸೂರ್ಯ ಗ್ರಹಣಕ್ಕೂ ಮುಂಚೆಯೇ ಅದರ ಹಿಂದೆ ಹೋಗಿಬಿಡಬಹುದು. ಹಾಗಾಗಿ ಬೇಸಿಗೆಯಲ್ಲಿ ಲಡಾಖ್ ಸುತ್ತಲು ಹೋಗುವವರು ಹೋಟೆಲ್ ನೋಡುವಾಗ ಕಿಟಕಿಯಾಚೆಯ ಪಶ್ಚಿಮ ದಿಕ್ಕನ್ನೂ ಒಮ್ಮೆ ನೋಡಿಟ್ಟುಕೊಂಡು ಬರಬಹುದು.